ಸೊನ್ನೆ ಮಡಿಕೆಯ ಸೀರೆ

ಗಣಿತವನ್ನು ಮತಕ್ಕೆ ಹಾಕಿ ಗೆದ್ದವನು ನಾನು. ಹೆಮ್ಮೆಯಿಂದ ಹೇಳುತ್ತಿಲ್ಲ, ಆದರೂ ಹೇಳುವಾಗ ಎದೆ ಒಂದಿಷ್ಟು ಉಬ್ಬುತ್ತದೆ, ಅದನ್ನು ನೀವು ಮನ್ನಿಸಬೇಕು.

ಇಳಕಲ್ಲಿನ ನಮ್ಮ ಸಾಲೆಗೆ ಆ ವರ್ಷ ಬಂದ ಜೋಶಿ ಮಾಸ್ತರರು ಸಣ್ಣ ದನಿಯವರು, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಶನಿವಾರ ಹಲಗೆಯ ಮೇಲೆ ಎರಡು ಬರೆದು, ಅದರ ತಲೆಯ ಮೇಲೆ ಘಾತವಾಗಿ ಪುಟ್ಟ ಸೊನ್ನೆ ಕೂಡಿಸಿ, ಇದರ ಬೆಲೆ ಒಂದು ಎಂದರು. ನಾನು ಎದ್ದು ನಿಂತೆ. ಹುನಗುಂದ, ಬಾಗಲಕೋಟೆಯ ಚರ್ಚಾಸ್ಪರ್ಧೆಗಳನ್ನು ಗೆದ್ದುಬಂದವನನ್ನು ಮತ್ತೆ ಕೂಡಿಸುವುದು ಸುಲಭವಿರಲಿಲ್ಲ.

"ಎರಡನ್ನ ಮೂರು ಸಲ ಇಟ್ಟು ಗುಣಿಸಿದ್ರ ಎಂಟು. ಒಂದು ಸಲಾನೂ ಇಡಲಿಲ್ಲಂದ್ರ ಏನೂ ಇಲ್ಲ. ಏನೂ ಇಲ್ಲದ್ದು ಒಂದು ಹೆಂಗಾಗ್ತೈತ್ರಿ ಸರ?"

"ನಿಯಮ ಹಂಗ ಅದ ತಮ್ಮಾ."

"ಯಾರು ಮಾಡಿದ್ದರಿ ನಿಯಮ?"

ದೇಶಕ್ಕೆ ಓಟು ಬಂದ ಹೊಸತು. ಕೈ ಎತ್ತಿಸಿದರೆ ಸತ್ಯ ಸಿಕ್ಕೀತೆಂದು ನಾನೂ ನಂಬಿದ್ದೆ. ಮತ ಕೇಳಿದೆ. ಇಡೀ ವರ್ಗ ಸೊನ್ನೆಯ ಪರ ಕೈ ಎತ್ತಿತು. ಮಾಸ್ತರರು ಬೈಯಲಿಲ್ಲ. ಹಲಗೆ ಒರೆಸುತ್ತ, "ಸೋಮವಾರ ಇನ್ಸ್‌ಪೆಕ್ಟರ್ ಸಾಹೇಬ್ರು ಇದೇ ಪಾಠ ಕೇಳ್ತಾರ. ಆವಾಗೂ ಹಿಂಗ ಕೈ ಎತ್ತಿದ್ರ ನನ್ನ ನೌಕರಿ ಉಳಿಯೂದಿಲ್ಲಪಾ" ಎಂದರು.

ಅವರನ್ನು ಉಳಿಸಲು ಒಂದು ಎಂದುಬಿಡಬಹುದಿತ್ತು. ಒಪ್ಪದ ಮಾತನ್ನು ಆಡಲು ನನ್ನ ಬಾಯಿ ತಯಾರಿರಲಿಲ್ಲ.

ರವಿವಾರ ಅವ್ವ ಮಗ್ಗದಿಂದ ಇಳಿದ ಸೀರೆಯ ಒಂದು ತುದಿ ನನ್ನ ಕೈಗಿತ್ತು ಅರ್ಧಕ್ಕೆ ಅರ್ಧ ಮಡಚತೊಡಗಿದಳು. ಒಂದು ಮಡಿಕೆಗೆ ಎರಡು ಪದರು, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಅಷ್ಟರಲ್ಲಿ ಸೆರಗಿನ ಹತ್ತಿರ ದಾರವೊಂದು ಎದ್ದದ್ದು ಕಂಡು ಮತ್ತೆ ಬಿಚ್ಚಿದಳು. ಎಂಟು ನಾಲ್ಕಾಯಿತು, ನಾಲ್ಕು ಎರಡಾಯಿತು, ಕೊನೆಯ ಮಡಿಕೆಯೂ ಹೋಯಿತು. ನಾನು ತುದಿ ಹಿಡಿದು ನಿಂತೇ ಬಿಟ್ಟೆ.

"ಅವ್ವಾ, ಈಗ ಮಡಿಕಿ ಎಷ್ಟು?"

"ಒಂದೂ ಇಲ್ಲ."

"ಪದರು?"

"ಒಂದು. ಮಡಿಕಿ ಬಿಚ್ಚೀನಿ, ಸೀರಿ ಸುಟ್ಟಿಲ್ಲೋ ಹುಚ್ಚಾ."

ಸೊನ್ನೆಯನ್ನು ಜಗತ್ತಿಗೆ ಕೊಟ್ಟವರು ನಾವು ಎಂದು ಎಷ್ಟು ಭಾಷಣಗಳಲ್ಲಿ ಮೇಜು ಗುದ್ದಿದ್ದೆನೋ. ಕೊಟ್ಟವರಿಗೆ ಅದರ ಸ್ವಭಾವ ಗೊತ್ತಿದ್ದೀತು, ಗುದ್ದಿದವನಿಗೆ ಗೊತ್ತಿರಲಿಲ್ಲ.

ಸಂಶಯ ಅಷ್ಟಕ್ಕೇ ಬಿಡುತ್ತದೆಯೆ? ಸೊನ್ನೆಯಿಂದ ಇನ್ನೂ ಕೆಳಗಿಳಿದು ತಲೆಯ ಮೇಲೆ ಋಣ ಒಂದು, ಋಣ ಎರಡು ಕೂತರೆ? ಇನ್ನೂ ಅರ್ಧವಾಗಲು ಬಿಚ್ಚುವ ಮಡಿಕೆಯೇ ಇಲ್ಲ, ಹರಿಯಬೇಕು. ನನ್ನ ಕಣ್ಣು ಹೊಸ ಸೀರೆಯ ಮೇಲಿದ್ದದ್ದು ಕಂಡು ಅವ್ವ ಕೌದಿ ಹೊಲಿಯಲೆಂದು ತೆಗೆದಿಟ್ಟ ಅಜ್ಜಿಯ ಹಳೆಯ ಸೀರೆಯನ್ನು ಮುಂದೆ ಎಸೆದಳು. ಹರಿದೆ. ಬಂದ ಪ್ರತಿ ತುಂಡನ್ನೂ ಮತ್ತೆ ಎರಡಾಗಿಸಿದೆ: ಎರಡು ಅರ್ಧ, ನಾಲ್ಕು ಕಾಲು, ಎಂಟು ಅರೆಕಾಲು. ತುಂಡು ಸಣ್ಣದಾಗುತ್ತ ಹೋಯಿತೇ ಹೊರತು ಸೊನ್ನೆಯಾಗಲಿಲ್ಲ; ಸೊನ್ನೆಯ ಕೆಳಗಂತೂ ಇಳಿಯಲೇ ಇಲ್ಲ. ಋಣಚಿಹ್ನೆ ಕಂಡಲ್ಲೆಲ್ಲ ದಿವಾಳಿ ಎಂದುಕೊಂಡಿದ್ದ ನನಗೆ ಇದು ದೊಡ್ಡ ಸಮಾಧಾನ.

ಸೋಮವಾರ ಗಂಟೆ ಹೊಡೆಯುವ ಮೊದಲೇ ನನ್ನ ವಿರುದ್ಧ ನಾನೇ ಭಾಷಣಕ್ಕೆ ನಿಂತು, ಸೀರೆ ಬಿಚ್ಚಿದ್ದು, ಹರಿದದ್ದು ಎಲ್ಲ ಹೇಳಿದೆ. ಹಿಂದಿನ ಸಾಲಿನ ಮಲ್ಲ್ಯಾ ನಕ್ಕ. "ಲೇ, ಶನಿವಾರ ಸೊನ್ನಿ ಅಂದಿ, ಇವತ್ತ ಒಂದಂತಿ. ನಾಳಿ ಎರಡಂತೀಯೇನಲೇ?" ಅವನ ಹೆಗಲಿನ ವಲ್ಲಿಬಟ್ಟೆಯನ್ನೇ ಎಳೆದು ಕೈಗೆ ಕೊಟ್ಟು, "ಮಡಚು, ಬಿಚ್ಚು, ನೀನ ಎಣಸು" ಎಂದೆ.

ಸಾಹೇಬರು ಬಂದರು. ಹಲಗೆಯ ಮೇಲೆ ಎರಡರ ತಲೆಗೆ ಸೊನ್ನೆ ಕೂಡಿಸಿ, ಬೆಲೆ ಎಷ್ಟೆಂದು ಬೆರಳು ತೋರಿಸಿದ್ದು ಮಲ್ಲ್ಯಾನ ಕಡೆಗೇ. ಮಾಸ್ತರರು ನೆಲ ನೋಡಿದರು. ಮಲ್ಲ್ಯಾ ವಲ್ಲಿಯನ್ನು ಸಾಹೇಬರ ಮೇಜಿನ ಮೇಲೆ ಹಾಸಿ, "ಒಂದುರಿ. ಬೇಕಂದ್ರ ನೀವೂ ಎಣಸ್ರಿ" ಎಂದ.

"ಸೊನ್ನೆಯ ಬದಲು ಋಣ ಮೂರು ಇದ್ದರೆ?"

"ಅರೆಕಾಲುರಿ. ಆದ್ರ ಅದಕ್ಕ ಹರಿಬೇಕಾಗ್ತೈತಿ, ವಲ್ಲಿ ಹೊಸಾದೈತ್ರಿ."

ಸಾಹೇಬರು ನಕ್ಕದ್ದನ್ನು ನೋಡಿ ಮಾಸ್ತರರು ತಲೆ ಎತ್ತಿದರು. ಆ ಬೇಸಿಗೆಯಲ್ಲಿ ಅವರು ಕಾಯಂ ಆದರು.

ಅಜ್ಜಿಯ ಸೀರೆಯ ಆ ಎಂಟು ತುಂಡುಗಳನ್ನು ಅವ್ವ ಕೌದಿಯಲ್ಲಿ ಒಂದಾಗಿ ಹೊಲಿದಿದ್ದಾಳೆ. ಚರ್ಚೆಯಲ್ಲಿ ಸೋತು ಬಂದ ದಿನ ಅದನ್ನು ಹೊದ್ದು ಸುಖವಾಗಿ ಮಲಗುತ್ತೇನೆ. ಗೆದ್ದು ಬಂದ ದಿನ ಮಾತ್ರ, ಹೊದೆಯುವ ಮೊದಲು, ತುಂಡುಗಳನ್ನು ಒಮ್ಮೆ ಎಣಿಸಿಕೊಳ್ಳುತ್ತೇನೆ.