ಎಂಟನೆಯ ಸದ್ದು

ಅವರ ಮುಖದಲ್ಲಿ ಹುಬ್ಬುಗಳೇ ಇರಲಿಲ್ಲ. ಎಂದೋ ಸಿಡಿಮದ್ದಿನ ಉರಿಗೆ ಸುಟ್ಟುಹೋದವು ಮತ್ತೆ ಬೆಳೆದಿರಲಿಲ್ಲ. ಸಿಟ್ಟೋ ನಗೆಯೋ ತಿಳಿಯಲು ಬಾಯಿಯನ್ನೇ ನೋಡಬೇಕಿತ್ತು. ಯಲಬುರ್ಗಾ ಸೀಮೆಯಲ್ಲಿ ಬಾವಿ ತೋಡುವಾಗ ಬಂಡೆ ಅಡ್ಡ ಬಂದರೆ ಅವರನ್ನೇ ಕರೆಸುತ್ತಿದ್ದರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು.

ಬಂಡೆಯಲ್ಲಿ ಕೊರೆದ ಕುಳಿಗಳಿಗೆ ಮದ್ದು ತುಂಬಿ, ಬತ್ತಿ ಹಚ್ಚಿ ಮೇಲೆ ಬರುತ್ತಿದ್ದರು. ಸದ್ದು ಕೇಳಿ ಕೇಳಿ ಕಿವಿ ಮಂದವಾಗಿದ್ದರಿಂದ ಸಿಡಿತಗಳನ್ನು ಎಣಿಸಲು ಇನ್ನೊಬ್ಬರು ಬೇಕಿತ್ತು. ನಮ್ಮ ಹೊಲದ ಬಾವಿಯಲ್ಲಿ ಆ ಕೆಲಸ ನನಗೆ ಬಂತು. ಕೊಪ್ಪಳದಲ್ಲಿ ಬಿ.ಎಸ್ಸಿ. ಮುಗಿಸಿ ಆಗಷ್ಟೇ ಊರಿಗೆ ಬಂದಿದ್ದೆ.

"ಮುಗೀತೇನು ತಮ್ಮಾ?" ಎಂದು ಮೂರು ಸಲ ಕೇಳುತ್ತಿದ್ದರು, ನಡುನಡುವೆ ತಂಬಾಕು ತಿಕ್ಕುವಷ್ಟು ಹೊತ್ತು ಬಿಟ್ಟು. ಮೂರೂ ಸಲ ಅದೇ ಉತ್ತರ ಬಂದರೆ ಮಾತ್ರ ಬಾವಿಗೆ ಇಳಿಯುತ್ತಿದ್ದರು.

"ಮುಗದದ್ದು ಎಷ್ಟು ಸಲ ಕೇಳಿದ್ರೂ ಮುಗದಂಗ ಇರಬೇಕು. ಮತ್ತೊಂದು ಬಂತಂದ್ರ ಮೊದಲಿಗೇ ಮುಗದಿರಲಿಲ್ಲ."

ಊಟಕ್ಕೂ ಇದೇ ಕಾಯಿದೆ. ರೊಟ್ಟಿ ಮುಗಿದವು ಎಂದ ಹೆಂಡತಿ, ನಮ್ಮ ಕಾಕು, ಕನಿಕರಪಟ್ಟು ತನ್ನ ಪಾಲಿನದನ್ನು ತಂದು ಹಾಕಿದರೆ ಅವರು ಕೈ ತಡೆದು ಕೂಡುತ್ತಿದ್ದರು.

"ಮುಗದಾವು ಅಂದಿ. ಇದು ಎಲ್ಲಿಂದ ಬಂತು?"

"ಅದು ಮದ್ದಲ್ಲ, ರೊಟ್ಟಿ. ಸುಮ್ನ ತಿನ್ರಿ."

ಆ ದಿನ ಎಂಟು ಕುಳಿ. ಎಂಟು ಸದ್ದು ಎಣಿಸಿ, "ಮುಗೀತ್ರಿ ಕಾಕಾ" ಎಂದೆ. ಅವರು ಎರಡನೆಯ ಸಲ ಕೇಳಿದಾಗ ನನಗೆ ಅನುಮಾನ ಹುಟ್ಟಿತು. ಕೊನೆಯ ಸದ್ದು ಮಂದವಾಗಿತ್ತು. ಎದುರಿನ ಗುಡ್ಡಕ್ಕೆ ಬಡಿದು ತಿರುಗಿ ಬಂದದ್ದನ್ನೇ ಎಣಿಸಿಬಿಟ್ಟೆನೇ? ನಾನು ತಡವರಿಸುವುದನ್ನು ಕಂಡು ಕಲ್ಲು ಹೊರುವವಳೊಬ್ಬಳು ನಕ್ಕಳು. "ಕಾಲೇಜು ಕಲ್ತವರಿಗೆ ಎಂಟು ಎಣಿಸಾಕ ಬರೂದಿಲ್ಲೇನ್ರಿ?"

"ಮುಗೀತ್ರಿ" ಎಂದೆ. ಮೂರನೆಯ ಸಲವೂ ಅದನ್ನೇ ಹೇಳಿದೆ, ಇನ್ನಷ್ಟು ಗಟ್ಟಿಯಾಗಿ.

ಅವರು ಹಗ್ಗ ಹಿಡಿದು ಇಳಿದರು. ಅವರ ರುಮಾಲು ಅಂಚಿನ ಕೆಳಗೆ ಮರೆಯಾದದ್ದು, "ಕಾಕಾ, ತಡೀರಿ" ಎಂದು ನಾನು ಕೂಗಿದ್ದು, ಆ ಕಿವಿಗೆ ಅದು ಮುಟ್ಟದೇ ಹೋದದ್ದು, ಉಳಿದಿದ್ದ ಕುಳಿ ಸಿಡಿದದ್ದು. ಇಷ್ಟು ವರ್ಷವಾದರೂ ಇವು ಇದೇ ಕ್ರಮದಲ್ಲಿ ಬರುತ್ತವೆ. ಕನಸಿನಲ್ಲಿ ಮಾತ್ರ ನಾನು ಎರಡನೆಯ ಸಲಕ್ಕೇ ನನ್ನ ಅನುಮಾನವನ್ನು ಬಾಯಿ ಬಿಟ್ಟು ಹೇಳುತ್ತೇನೆ.

ಮಣ್ಣು ಮಾಡಿ ಬಂದ ಮೇಲೆ ಕಾಕು ನನ್ನನ್ನು ಪಕ್ಕಕ್ಕೆ ಕರೆದರು.

"ಮೂರು ಸಲ ಕೇಳಿದ್ರೇನಪಾ ಅವರು?"

"ಕೇಳಿದ್ರು ಕಾಕು."

"ನೀ ಮೂರೂ ಸಲ ಒಂದೇ ಹೇಳಿದೇನು?"

"ಒಂದೇ."

"ಹಂಗಾರ ಯಾರ ತಪ್ಪೂ ಅಲ್ಲ ಬಿಡು" ಎಂದು ನನ್ನ ಬೆನ್ನು ಸವರಿದರು. ಬದುಕಿರುವವರೆಗೂ ಅವರು ಹಾಗೆಯೇ ನಂಬಿದ್ದರು. ನಾನು ತಿದ್ದಲಿಲ್ಲ.