ಸಕ್ರಿಬಾಯಿಯ ಮದುವೆ ಲಂಗ

ಯಾರಾದರೂ ಬೆಲೆ ಇಳಿಸು ಎಂದರೆ ಸಕ್ರಿಬಾಯಿ ಖಂಡಿತ ಇಳಿಸುತ್ತಿದ್ದಳು. ಕತ್ತರಿ ತೆಗೆದು, ಕೊಳ್ಳುವವರ ಕಣ್ಣೆದುರೇ ಕಸೂತಿ ಚೀಲದ ಎರಡು ಕನ್ನಡಿಗಳನ್ನು ಕಿತ್ತು, "ತಗಳವ್ವ, ಈಗ ನಿನ್ ರೇಟಿಗೆ ಸರಿಹೋಯ್ತು" ಎಂದು ಕೈಗಿಡುತ್ತಿದ್ದಳು.

ತರೀಕೆರೆ ಬಸ್ ನಿಲ್ದಾಣದ ಹೊರಗೆ, ಬೆಟ್ಟಕ್ಕೆ ಹೋಗುವ ಕಾರುಗಳು ಎಳನೀರಿಗೆ ನಿಲ್ಲುವ ಕಡೆ ಅವಳ ಜಾಗ. ಅಜ್ಜಂಪುರದ ಕಡೆಯ ಲಂಬಾಣಿ ತಾಂಡಾದಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ನಾನು ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು. ನಿವೃತ್ತಿಯಾದ ಮೇಲೂ ಆರೂಕಾಲಿಗೆ ನಡಿಗೆ, ಏಳೂವರೆಗೆ ಅಲ್ಲೇ ಚಹಾ. ನನ್ನ ಶಿಸ್ತು ಕಂಡು ನಗುತ್ತಿದ್ದವಳು ಅವಳೊಬ್ಬಳೇ. "ಏನ್ ಮೇಷ್ಟ್ರೇ, ಗಡಿಯಾರ ನಿಮ್ಮನ್ನ ಕೇಳ್ಕಂಡು ಓಡ್ತದಾ?"

ಆ ಕಾರಿನವರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಒಮ್ಮೆ ಒಬ್ಬಾಕೆ ಕನ್ನಡಿ ರವಿಕೆಯನ್ನು ಅಂಗಿಯ ಮೇಲೇ ಕಟ್ಟಿಕೊಂಡು, ಹತ್ತಾರು ಫೋಟೊ ಹೊಡೆಸಿಕೊಂಡು, ಬಿಚ್ಚಿ ಎಸೆದು ಹೊರಟಳು.

"ನಿಂತ್ಕಳವ್ವ. ಮಡಚಿಟ್ಟು ಹೋಗು. ನಿಮ್ಮನೇಲಿ ಮದುವೆ ಸೀರೇನೂ ಹಿಂಗೇ ಬಿಸಾಕ್ತೀಯಾ?"

ಆಕೆ ಮಡಚಿಟ್ಟೇ ಹೋದಳು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತ್ತು. ಆದರೆ ಆ ಜನರನ್ನು ಬಯ್ಯುವ ಯೋಗ್ಯತೆ ನನಗೆಲ್ಲಿದೆ?

ಮೈಸೂರಿನಲ್ಲಿ ಸೋಫಾ, ಪರದೆಗಳ ಅಂಗಡಿ ಇಟ್ಟಿರುವ ನನ್ನ ಬಾಮೈದ ಪ್ರವಾಸಕ್ಕೆಂದು ಬಂದವನು, "ಭಾವ, ಹೊಸದು ಬೇಡ, ಲಂಬಾಣಿಯವರ ಪೆಟ್ಟಿಗೇಲಿರೋ ಹಳೇ ಕಸೂತಿ ಬೇಕು" ಎಂದ. ಸಕ್ರಿಬಾಯಿಗೆ ಹೇಳಿದೆ.

"ತೋರಿಸ್ತೀನಿ, ಕೊಡಲ್ಲ. ಭಾನುವಾರ ಹತ್ತಕ್ಕೆ ಬನ್ನಿ."

ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಹಾಜರಿರುವುದು ನನ್ನ ಜೀವಮಾನದ ಹೆಮ್ಮೆ. ಒಂಬತ್ತಕ್ಕೇ ತಾಂಡಾ ಮುಟ್ಟಿದೆವು. ಅವಳು ದಾರ ತರಲು ಕಡೂರಿಗೆ ಹೋಗಿದ್ದಳು. ಮಗ ಕುಮಾರ ಟ್ರಂಕು ತೆಗೆದ. ಅವಳ ಮದುವೆಗೆ ಅವಳ ತಾಯಿ ಹೊಲಿದುಕೊಟ್ಟ ಲಂಗ ಹೊರಬಂತು. ಕೆಂಪು ಒಡಲು, ಅಂಗೈಯಗಲದ ಅಂಚು, ಅಂಚಿನ ತುಂಬ ಕವಡೆ.

"ಯಾರೂ ಉಡಲ್ಲ ಸಾರ್. ಜಿರಲೆ ತಿಂತಾವೆ, ಅಷ್ಟೇ" ಎಂದ ಕುಮಾರ. ಅವನು ಕೇಳಿದಷ್ಟು ದುಡ್ಡನ್ನು ಬಾಮೈದ ಎಣಿಸಿಕೊಟ್ಟ. "ಕೊಡಲ್ಲ" ಎಂದ ಅವಳ ಮಾತು ಕಿವಿಯಲ್ಲೇ ಇತ್ತು. ಮಗನೇ ಕೊಡುವಾಗ ನನ್ನದೇನು ಎಂದು ಸುಮ್ಮನಾದೆ. ಸುಮ್ಮನೆ ಕೂಡ ನಿಲ್ಲಲಿಲ್ಲ. ಅಂಚಿಗೆ ಅಂಚು ಕೂಡಿಸಿ ಆ ಲಂಗವನ್ನು ಅಚ್ಚುಕಟ್ಟಾಗಿ ಮಡಚಿಕೊಟ್ಟವನು ನಾನೇ!

ಮರುದಿನ ಅವಳು ನನ್ನ ಚಹಾದ ಬೆಂಚಿನ ಮುಂದೆ ಬಂದು ನಿಂತಳು.

"ಹತ್ತಕ್ಕೆ ಅಂದಿದ್ದೆ. ನಾ ಸತ್ತಾಗ ಅದ್ನೇ ಉಡಿಸ್ರೋ ಅಂತ ಇಟ್ಕಂಡಿದ್ದೆ ಮೇಷ್ಟ್ರೇ. ನಮ್ಮವ್ವನ ಕೈಕೆಲಸ ಅದು. ತಂದ್ಕೊಡ್ರಿ."

"ತಂದುಕೊಡ್ತೀನಿ" ಎಂದೆ. ಬಾಮೈದನಿಗೆ ಫೋನ್ ಮಾಡಿದಾಗಲೆಲ್ಲ "ಕಳಿಸ್ತೀನಿ ಭಾವ" ಎನ್ನುತ್ತಿದ್ದ. ತಿಂಗಳಾದ ಮೇಲೆ ನಾನೇ ಮೈಸೂರಿಗೆ ಹೋದೆ. ಅವನಿಗೆ ನಾಚಿಕೆಯ ಲವಲೇಶವೂ ಇರಲಿಲ್ಲ. "ಒಂದು ಲಂಗಕ್ಕೆ ಎಂಟು ದಿಂಬಿನ ಕವರ್ ಬಂತು ಭಾವ! ಏಳು ಹೋಗೇಬಿಟ್ವು" ಎಂದು ಕುಣಿದ. ಉಳಿದ ಒಂದನ್ನು ಕಿತ್ತುಕೊಂಡು, ಅವನ ಮನೆಯಲ್ಲಿ ನೀರೂ ಮುಟ್ಟದೆ ಬಂದೆ.

ಅದನ್ನು ಅವಳ ಕೈಗೆ ಹೇಗೆ ಕೊಡುವುದು? ಹೇಡಿಯ ಹಾಗೆ ಹದಿನೈದು ದಿನ ಬಸ್ ನಿಲ್ದಾಣದ ದಾರಿಯನ್ನೇ ಬಿಟ್ಟೆ. ಹದಿನಾರನೆಯ ದಿನ ಚಹಾದಂಗಡಿಯವನೇ ಮನೆಗೆ ಬಂದ. ಸಕ್ರಿಬಾಯಿ ಹೋಗಿಬಿಟ್ಟಿದ್ದಳು.

ತಾಂಡಾದಲ್ಲಿ ಅವಳನ್ನು ಅಂಗಳದಲ್ಲಿ ಮಲಗಿಸಿದ್ದರು. ಮೈಮೇಲೆ ಗರಿಗರಿ ನೈಲಾನ್ ಸೀರೆ. "ಹೊಸದೇ ತಂದೀನಿ ಸಾರ್" ಎಂದ ಕುಮಾರ. ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಯಾವ ಕೈಯಿಂದ ಬಾರಿಸಲಿ?

ಅವಳ ತಲೆ ಮೆಲ್ಲಗೆ ಎತ್ತಿ, ಮನೆಯಿಂದ ತಂದಿದ್ದ ಆ ದಿಂಬಿನ ಕವರನ್ನು ಅಡಿಗಿಟ್ಟೆ. ಬಾಮೈದ ಹೊಲಿಸಿದ್ದ ಜಿಪ್ಪು ಮೇಲಾಗಿತ್ತು. ಎಳೆದು ತಿರುಗಿಸಿ, ಅವಳವ್ವನ ಹೊಲಿಗೆಯಿದ್ದ ಮಗ್ಗುಲನ್ನು ಅವಳ ಕೆನ್ನೆಗೆ ತಾಗಿಸಿಟ್ಟೆ.