ಹತ್ತಕ್ಕೆ ಏಳು

ವರ್ಕ್‌ಶಾಪಿನಲ್ಲಿ ಅವನನ್ನು ಹುಟ್ಟುಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಕಾರು ತೊಳೆಯುವವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಅವನು ಹತ್ತಪ್ಪ. ಆ ಹೆಸರು ಬಂದದ್ದು ಅವನು ದಿನಾ ಹಾಡುತ್ತಿದ್ದ ಒಂದೇ ರಾಗದಿಂದ. ಸರ್ವಿಸ್ ಮುಗಿದ ಕಾರಿನ ಕೀಲಿಯನ್ನು ಮಾಲೀಕರ ಕೈಗಿಡುವಾಗ ಸ್ವಲ್ಪ ಬಗ್ಗಿ, ಹಲ್ಲು ಗಿಂಜಿ, "ಸಾರ್, ನಾಳೆ ನಾಡಿದ್ದರಲ್ಲಿ ಕಂಪನಿಯಿಂದ ಒಂದು ಫೋನ್ ಬರುತ್ತೆ. ಹತ್ತಕ್ಕೆ ಎಷ್ಟು ಕೊಡ್ತೀರಿ ಅಂತ ಕೇಳ್ತಾರೆ. ದಯವಿಟ್ಟು ಹತ್ತು ಅಂದ್ಬಿಡಿ. ಒಂಬತ್ತು ಅಂದ್ರೂ ನಮಗೆ ಸೊನ್ನೆ ಬಿದ್ದ ಹಾಗೇನೇ" ಎನ್ನುತ್ತಿದ್ದ.

ಅದು ಸುಳ್ಳೇನಲ್ಲ. ಕಂಪನಿ ಹೊರದೇಶದ್ದು. ಅಲ್ಲಿ ಕೂತ ಯಾರೋ ಪುಣ್ಯಾತ್ಮರು, ಹತ್ತು ಕೊಟ್ಟವನಷ್ಟೇ ತೃಪ್ತ ಗಿರಾಕಿ, ಉಳಿದವರೆಲ್ಲ ಅತೃಪ್ತರು ಎಂದು ತೀರ್ಮಾನ ಮಾಡಿದ್ದರು. ಅವರ ದೇಶದಲ್ಲಿ ಜನ ಹಾಗೆ ಹತ್ತು ಹತ್ತು ಹಂಚುತ್ತಾರೋ ಏನೋ. ಇಲ್ಲಿ ಕಾರು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೂ, "ಪರವಾಗಿಲ್ಲ, ಎಂಟು ಹಾಕ್ಕೊಳ್ಳಿ" ಎನ್ನುವವರೇ ಜಾಸ್ತಿ. ಆ ಎಂಟಕ್ಕೆ ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ಹತ್ತಪ್ಪನ ಚರ್ಮ ಸುಲಿಯುತ್ತಿದ್ದ.

ಅವನ ಕೆಲಸವೆಂದರೆ ಮಾತು. ಕೈಗೆ ಗ್ರೀಸು ಮೆತ್ತಿಕೊಳ್ಳುವವರು ಒಳಗೆ, ಕಾರು ಕೊಟ್ಟವರು ಗಾಜಿನ ಆಚೆ ಕಾಫಿ ಮೆಷಿನ್ನಿನ ಪಕ್ಕದ ಸೋಫಾದಲ್ಲಿ. ಇಬ್ಬರ ನಡುವೆ ಓಡಾಡುತ್ತ, ಒಳಗಿನ ಕೆಟ್ಟ ಸುದ್ದಿಗೆ ಬೆಣ್ಣೆ ಹಚ್ಚಿ ಹೊರಗೆ ತಲುಪಿಸುವವನು ಹತ್ತಪ್ಪ. ಬಿಡಿಭಾಗ ಬರುವುದು ಹಡಗಿನಲ್ಲಿ, ಒಂದೂವರೆ ತಿಂಗಳಾದರೂ ಆದೀತು ಎನ್ನುವುದನ್ನು ಅವನು, "ನಿಮ್ಮ ಕಾರಿಗೆ ಒರಿಜಿನಲ್ಲೇ ಹಾಕೋಣ ಸಾರ್" ಎಂದು ಹೇಳುತ್ತಿದ್ದ. ಕೇಳಿದವರಿಗೆ ಯಾರೋ ಉಪಕಾರ ಮಾಡಿದಂತೆ ಅನ್ನಿಸಬೇಕು, ಹಾಗೆ.

ಎಷ್ಟು ಬೆಣ್ಣೆ ಹಚ್ಚಿದರೂ ಜಾರದ ಗಿರಾಕಿಗಳಿರುತ್ತಾರಲ್ಲ, ಅವರಿಗಾಗಿ ಒಂದು ಉಪಾಯವಿತ್ತು. ಕಂಪ್ಯೂಟರಿನಲ್ಲಿ ಅವರ ಫೋನ್ ನಂಬರು ಅಳಿಸಿ ತನ್ನದೇ ಇನ್ನೊಂದು ನಂಬರು ಹಾಕಿಬಿಡುವುದು. ಆಗ ಕಂಪನಿಯ ಕರೆ ಬರುವುದು ತನಗೇ. ತಾನೇ ಗಿರಾಕಿಯಾಗಿ ತನಗೇ ಹತ್ತು ಕೊಟ್ಟುಕೊಳ್ಳುವುದು. ಇದನ್ನು ಅವನೇನೂ ಕಂಡುಹಿಡಿಯಲಿಲ್ಲ, ಆ ಕೌಂಟರಿನಲ್ಲಿ ಕೂತ ಎಲ್ಲರೂ ಮಾಡುತ್ತಿದ್ದರು. ಮ್ಯಾನೇಜರ್‌ಗೆ ಗೊತ್ತಿತ್ತು, ಗೊತ್ತಿಲ್ಲದಂತೆಯೂ ಇದ್ದ.

ಹತ್ತಪ್ಪ ಅದರಲ್ಲಿ ಪಳಗಿಬಿಟ್ಟಿದ್ದ. ಡಾಕ್ಟರ ಕಾರಾದರೆ ಗಂಟಲು ದಪ್ಪ ಮಾಡಿ, ಅವಸರದಲ್ಲಿದ್ದವನಂತೆ, "ಹತ್ತು, ಹತ್ತು, ಪೇಶೆಂಟ್ ಕಾಯ್ತಿದ್ದಾರೆ" ಎನ್ನುವುದು. ಮುದುಕರ ಕಾರಾದರೆ ನಡುನಡುವೆ ಕೆಮ್ಮುವುದು. ಊಟದ ಹೊತ್ತಿಗೆ ಕರೆ ಬಂದರೆ ಹೆಂಡತಿ ತಟ್ಟೆ ಇಡುತ್ತ, "ಇವತ್ತು ಯಾರಾಗಿದ್ರಿ?" ಎಂದು ಕೇಳುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ನಗುತ್ತಿದ್ದರು. ಯಾರ ಗಂಟೂ ಹೋಗುತ್ತಿರಲಿಲ್ಲವಲ್ಲ, ನಗುವುದರಲ್ಲಿ ತಪ್ಪೇನು ಅನ್ನಿಸುತ್ತಿತ್ತು.

ಅವನ ಅಕ್ಕನ ಗಂಡ, ಭಾವ, ಗಣಿತದ ಮೇಷ್ಟ್ರಾಗಿದ್ದವರು. ಹತ್ತಪ್ಪನಿಗೂ ಪಾಠ ಹೇಳಿದ್ದರು. ನಿವೃತ್ತಿಯಾದ ವರ್ಷ ಅದೇ ಕಂಪನಿಯ ಕಾರು ಕೊಂಡರು. ಕೊಂಡದ್ದು ಹತ್ತಪ್ಪನ ಮಾತಿನ ಮೇಲೆ. ಆಗ ಕಂಪನಿಯ ಕಾಲ ಚೆನ್ನಾಗಿತ್ತು. ಶೋರೂಮಿನಲ್ಲಿ ಪುಟ್ಟ ಕಾರು, ಉದ್ದನೆಯ ಕಾರು, ಎತ್ತರದ ಕಾರು ಎಂದು ಸಾಲಾಗಿ ನಿಂತಿರುತ್ತಿದ್ದವು. ಭಾವ ಎತ್ತರದ್ದನ್ನು ಆರಿಸಿದರು, ಅಕ್ಕನಿಗೆ ಮಂಡಿನೋವು, ಹತ್ತಿ ಇಳಿಯಲು ಸಲೀಸು ಎಂದು. "ಈ ಗಾಡಿ ನಿಮ್ಮನ್ನ ಕೈಬಿಡಲ್ಲ ಭಾವ, ನಾನಿದೀನಲ್ಲ" ಎಂದಿದ್ದ ಹತ್ತಪ್ಪ.

ಮೊದಲ ಸರ್ವಿಸ್ ಆದ ಮೇಲೆ ಕಂಪನಿಯ ಕರೆ ಬಂದಾಗ ಭಾವ ಏಳು ಅಂಕ ಕೊಟ್ಟರು. ಸ್ವಂತ ಭಾವನ ಕೈಯಲ್ಲೇ ಏಳು ತಗೊಂಡವನು ಎಂದು ವರ್ಕ್‌ಶಾಪೆಲ್ಲ ನಕ್ಕಿತು. ಹತ್ತಪ್ಪ ಮುಖ ಊದಿಸಿಕೊಂಡು ಅಕ್ಕನ ಮನೆಗೆ ಹೋದ.

"ಏಳು ಅಂದ್ರೆ ಒಳ್ಳೆ ಮಾರ್ಕು ಕಣಯ್ಯ" ಎಂದರು ಭಾವ, ಪೇಪರಿನಿಂದ ಕಣ್ಣೆತ್ತದೆ. "ನಿನಗೆ ಪರೀಕ್ಷೇಲಿ ನಾನು ಏಳು ಕೊಟ್ಟಿದ್ದು ಯಾವತ್ತಾದ್ರೂ ಉಂಟಾ?"

"ಅವರ ಲೆಕ್ಕ ಬೇರೆ ಭಾವ. ಹತ್ತು ಅಂದ್ರಷ್ಟೇ ಪಾಸು."

"ಹಾಗಾದ್ರೆ ಅದು ಲೆಕ್ಕವೇ ಅಲ್ಲ. ಹತ್ತು ಕೊಟ್ಟುಬಿಟ್ರೆ ಮುಂದೆ ಸರಿಮಾಡ್ಕೊಳ್ಳೋಕೆ ಏನು ಉಳೀತು?"

ಒಳಗಿನಿಂದ ಅಕ್ಕ, "ನನ್ನ ಅಡುಗೆಗೂ ಏಳೇ ಕಣೋ. ಮದುವೆಯಾದಾಗಿಂದ ಒಂದು ಅರ್ಧ ಮಾರ್ಕೂ ಹೆಚ್ಚಾಗಿಲ್ಲ" ಎಂದು ಕೂಗಿದಳು. ಆ ಮನುಷ್ಯನೊಡನೆ ವಾದ ಮಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಮಾರನೆಯ ದಿನ ಹತ್ತಪ್ಪ ಕಂಪ್ಯೂಟರಿನಲ್ಲಿ ಭಾವನ ನಂಬರು ತೆಗೆದು ತನ್ನದು ಹಾಕಿದ. ಆಮೇಲೆ ಭಾವನ ಹೆಸರಿನಲ್ಲಿ ಕರೆ ಬಂದರೆ ಎಲ್ಲರದರ ಜೊತೆ ಅದಕ್ಕೂ ಹತ್ತು ಎಂದು, ಅಲ್ಲಿಗೇ ಮರೆತುಬಿಡುತ್ತಿದ್ದ.

ವರ್ಷಗಳು ಕಳೆದವು. ಕಂಪನಿಗೆ ಶನಿ ಹೆಗಲೇರಿತು. ಪುಟ್ಟ ಕಾರು ನಿಂತಿತು, ಉದ್ದನೆಯದು ನಿಂತಿತು, ಹೊಸದಾಗಿ ತಂದ ಒಂದು ಮಾಡೆಲ್ಲನ್ನು ಕೊಳ್ಳುವವರಿರಲಿಲ್ಲ. ಕೊನೆಗೊಂದು ದಿನ, ಈ ದೇಶದಲ್ಲಿ ಇನ್ನು ಮಾರಾಟವಿಲ್ಲ ಎಂಬ ಸುದ್ದಿ ಬಂತು. ಶೋರೂಮಿನ ಗಾಜಿಗೆ ಒಳಗಿನಿಂದ ಕಾಗದ ಅಂಟಿಸಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಮಾರಿ ಆಯಿತಲ್ಲ. ಆದರೆ ಮಾರಿದ ಕಾರುಗಳಿಗೆ ಸರ್ವಿಸ್ ಮಾತ್ರ ಇರುತ್ತದೆ, ಒಳ್ಳೆಯ ಅಂಕ ಬಂದ ವರ್ಕ್‌ಶಾಪುಗಳನ್ನಷ್ಟೇ ಉಳಿಸಿಕೊಳ್ಳುತ್ತೇವೆ ಎಂದರು. ಅಲ್ಲಿಂದಾಚೆಗೆ ಹತ್ತು ಎನ್ನುವುದು ಅನ್ನದ ಪ್ರಶ್ನೆಯಾಯಿತು. ಹತ್ತಪ್ಪ ಕಂಡಕಂಡವರ ನಂಬರು ಬದಲಿಸಿದ. ದಿನವಿಡೀ ಅವನ ಫೋನಿಗೆ ಕಂಪನಿಯ ಮೆಸೇಜುಗಳು ಬಂದು ಬೀಳುತ್ತಿದ್ದವು, ಸರ್ವಿಸ್ ಸಮಯ ಬಂತು, ಇನ್ಶೂರೆನ್ಸ್ ಮುಗಿಯಿತು, ಅದು ಇದು. ಕರೆಯಾದರೆ ಎತ್ತುತ್ತಿದ್ದ. ಮೆಸೇಜುಗಳ ಸದ್ದಡಗಿಸಿ, ತೆರೆದು ನೋಡುವುದನ್ನೇ ಬಿಟ್ಟಿದ್ದ.

ಆಗ ಹೆಡ್ ಆಫೀಸಿನಿಂದ ಒಂದು ಸೂಚನೆ ಬಂತು. ಎತ್ತರದ ಮಾಡೆಲ್ಲಿನ ಕೆಲವು ಕಾರುಗಳಲ್ಲಿ, ಬ್ರೇಕ್ ಒತ್ತಿದಾಗ ಕಾಲಿಗೆ ಬಲ ಕೊಡುವ ಬೂಸ್ಟರ್ ಎಂಬ ಡಬ್ಬಿ ಒಳಗಿಂದೊಳಗೇ ತುಕ್ಕು ಹಿಡಿಯುವ ಸಂಭವವಿದೆ. ಅಂಥ ಕಾರಿನವರಿಗೆ ಕಂಪನಿಯೇ ನೇರವಾಗಿ ಮೆಸೇಜ್ ಕಳಿಸುತ್ತದೆ. ಪರೀಕ್ಷೆ ಮಾಡಿಸುವವರೆಗೆ ಅವರು ಕಾರು ಓಡಿಸಬಾರದು. ಗಾಡಿ ತಂದವರಿಗೆ ಪುಕ್ಕಟೆಯಾಗಿ ಬದಲಿಸಿಕೊಡಿ.

ಹತ್ತಪ್ಪನಿಗೆ ಭಾವನ ನೆನಪಾಗಲಿಲ್ಲವೆಂದಲ್ಲ. ಆಯಿತು. ಅವರ ಕಾರು ಆ ಪೈಕಿ ಇದ್ದರೆ ಅವರಿಗೆ ಮೆಸೇಜ್ ಬಂದೇ ಬರುತ್ತದೆ, ಬಂದರೆ ಆ ಪ್ರಾಣಿ ಅರ್ಧ ಗಂಟೆಯೂ ತಡಮಾಡದೆ ತನಗೆ ಫೋನ್ ಮಾಡುತ್ತದೆ ಅಂದುಕೊಂಡ. ಫೋನ್ ಬರಲಿಲ್ಲ. ಹಾಗಾದರೆ ಅವರದು ಅದರಲ್ಲಿಲ್ಲ, ಸದ್ಯ ಎಂದು ಬೇರೆ ಕೆಲಸಕ್ಕೆ ತಿರುಗಿದ.

ಒಂದು ಮಧ್ಯಾಹ್ನ ಕಣ್ಣಿನ ಆಸ್ಪತ್ರೆಯಿಂದ ಅಕ್ಕನನ್ನು ಮನೆಗೆ ಕರೆತರುವಾಗ, ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಭಾವನ ಕಾರು ನಿಲ್ಲಲಿಲ್ಲ. ಕೆಳಗೆ ರಸ್ತೆ ದಾಟುತ್ತಿದ್ದವರನ್ನು ತಪ್ಪಿಸಲು ಅವರು ಕಾರನ್ನು ಕಲ್ಲಿನ ಗೋಡೆಗೆ ತಿರುಗಿಸಿದರು. ಅಕ್ಕನ ಬಲಗೈ ಮುರಿಯಿತು. ಭಾವ ಉಳಿಯಲಿಲ್ಲ.

ಕಾರಿನ ಮುಂಭಾಗ ನುಜ್ಜುಗುಜ್ಜಾಗಿತ್ತು, ಅದರಲ್ಲಿ ಏನು ಕೆಟ್ಟಿತ್ತೆಂದು ಹುಡುಕುವ ತಾಳ್ಮೆ ಯಾರಿಗೂ ಇರಲಿಲ್ಲ. ವಯಸ್ಸಾಗಿತ್ತು, ಬ್ರೇಕೆಂದುಕೊಂಡು ಆಕ್ಸಿಲರೇಟರ್ ಒತ್ತಿದ್ದಾರೆ ಎಂದರು ಪೊಲೀಸರು. ಕಣ್ಣಿನ ಆಸ್ಪತ್ರೆಯಿಂದ ಬರುತ್ತಿದ್ದರಂತೆ ಎಂದು ಬಂದವರೆಲ್ಲ ತಲೆದೂಗಿದರು. "ಕಣ್ಣು ತೋರಿಸೋಕೆ ಹೋಗಿದ್ದು ನಾನು, ಅವರಲ್ಲ" ಎಂದಳು ಅಕ್ಕ. "ಎರಡೂ ಕಾಲಲ್ಲಿ ಬ್ರೇಕ್ ತುಳೀತಿದ್ರು. ನಾನು ನೋಡಿದೀನಿ." ಕೇಳಿದವರು ಪಾಪ ಎಂದು ಅವಳ ಬೆನ್ನು ಸವರಿದರು, ನಂಬಲಿಲ್ಲ.

ಅಕ್ಕನ ಮಗಳಂತೂ ಸಿಟ್ಟು ದುಃಖ ಎರಡನ್ನೂ ತಾಯಿಯ ಮೇಲೆ ಕಾರಿದಳು. "ಅಪ್ಪನ ಕೈಗೆ ಕೀಲಿ ಕೊಡಬೇಡ ಅಂತ ಬಡ್ಕೊಂಡೆ. ಆಟೋದಲ್ಲಿ ಹೋಗಿದ್ರೆ ಏನಾಗ್ತಿತ್ತು ನಿನಗೆ? ನಿನ್ನ ಮಂಡಿನೋವಿಗೆ ಅಪ್ಪ ಹೋದ್ರು." ಮಗಳು ಊರಿಗೆ ವಾಪಸ್ಸಾದ ಮೇಲೆ ಅಕ್ಕ ಬಾಯಿ ಬಿಡುವುದೇ ಅಪರೂಪವಾಯಿತು.

ಅಕ್ಕನ ಆ ಮಾತು, ಎರಡೂ ಕಾಲಲ್ಲಿ ತುಳಿದರೆಂಬುದು, ಹತ್ತಪ್ಪನ ಎದೆಯಲ್ಲಿ ಮುಳ್ಳಾಗಿ ನೆಟ್ಟಿತು. ಬೂಸ್ಟರ್ ಹೋದ ಕಾರಿನ ಬ್ರೇಕು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ವರ್ಕ್‌ಶಾಪಿನ ಹಿಂದಿನ ಟಯರ್ ರಾಶಿಯ ಹತ್ತಿರ ನಿಂತು ಅವನು ಆ ಇನ್ನೊಂದು ನಂಬರಿನ ಮೆಸೇಜುಗಳನ್ನು ತೆರೆದ. ಬೆರಳು ಜಾರಿಸುತ್ತ ಹೋದಂತೆ ಸಿಕ್ಕವು, ಭಾವನ ಹೆಸರು, ಭಾವನ ಕಾರಿನ ನಂಬರು, ದಯವಿಟ್ಟು ವಾಹನ ಓಡಿಸಬೇಡಿ. ಒಂದಲ್ಲ, ನಾಲ್ಕು.

ಅಂಥದೇ ಮೆಸೇಜುಗಳು ಇನ್ನೂ ಹಲವರ ಹೆಸರಿನಲ್ಲಿದ್ದವು. ಅವನು ಆ ದಿನವೇ ಒಬ್ಬೊಬ್ಬರ ನಿಜವಾದ ನಂಬರು ಹುಡುಕಿ ಹಚ್ಚಿ, ಕೈಕಾಲು ಹಿಡಿಯುವವನಂತೆ ಬೇಡಿಕೊಂಡ, ಗಾಡಿ ತರಬೇಡಿ, ನಾವೇ ಬಂದು ಎಳೆದುಕೊಂಡು ಹೋಗುತ್ತೇವೆ ಎಂದು. ಎಲ್ಲ ಕಾರುಗಳೂ ಬಂದವು, ಎಲ್ಲಕ್ಕೂ ಬೂಸ್ಟರ್ ಬದಲಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ದಾಯಿತು. ಕಂಪ್ಯೂಟರಿನಲ್ಲಿ ಅವರವರ ನಂಬರನ್ನು ಅವರವರಿಗೆ ಸೇರಿಸಿದ. ಭಾವನ ಹೆಸರು ಬಂದಾಗ ಮಾತ್ರ ಕೈ ಏಳಲಿಲ್ಲ. ಸತ್ತವರ ನಂಬರು ಈಗ ಸರಿ ಮಾಡಿ ಯಾರಿಗೆ ತೋರಿಸುವುದು?

ಅಕ್ಕನಿಗೆ ಹೇಳಬೇಕು ಎಂದು ಅವನಿಗೆ ಗೊತ್ತಿತ್ತು. ಹೇಳಿದರೆ ಭಾವನ ಮೇಲೆ ಬಿದ್ದ ಮಸಿ ಅಳಿಯುತ್ತದೆ, ತಾಯಿ ಮಗಳು ಒಂದಾಗುತ್ತಾರೆ. ಹೇಳಿದರೆ ತನಗೆ ಅಕ್ಕ ಇರುವುದಿಲ್ಲ. ತಾಯಿ ಇಲ್ಲದ ಮನೆಯಲ್ಲಿ ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ನಾಳೆ ಹೇಳುತ್ತೇನೆ ಎಂದು ದಿನಾ ಸಂಜೆ ಅವಳ ಮನೆಗೆ ಹೋಗುತ್ತಿದ್ದ. ಅಡುಗೆ ಮಾಡುತ್ತಿದ್ದ, ಬಟ್ಟೆ ಒಗೆಯುತ್ತಿದ್ದ, ಅವಳ ಜಡೆ ಹೆಣೆಯುವುದನ್ನೂ ಕಲಿತ. "ಇಷ್ಟು ಒಳ್ಳೆ ತಮ್ಮ ಯಾರಿಗಿರ್ತಾನೆ" ಎಂದು ಪಕ್ಕದ ಮನೆಯಾಕೆ ಹೊಗಳಿದಾಗ ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಒಂದು ಸಂಜೆ ಅವನು ಪಾತ್ರೆ ತಿಕ್ಕುತ್ತಿದ್ದ. ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಪ್ಲಾಸ್ಟರ್ ಹಾಕಿದ ಕೈ ಮಡಿಲಲ್ಲಿತ್ತು.

"ನನಗೂ ಈಗ ಅನುಮಾನ ಬರ್ತಿದೆ ಕಣೋ" ಎಂದಳು ಇದ್ದಕ್ಕಿದ್ದಂತೆ. "ಎಲ್ರೂ ಹೇಳ್ತಾರಲ್ಲ. ಗಾಬರೀಲಿ ನಾನೇ ತಪ್ಪು ನೋಡಿದ್ನೇನೋ. ಅವರು ಆಕ್ಸಿಲರೇಟರನ್ನೇ ತುಳಿದ್ರೇನೋ."

ಹತ್ತಪ್ಪನ ಕೈ ನಿಂತಿತು. ಬಾಯಿ ತೆರೆದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು.

"ಬಿಡು ಅಕ್ಕ, ಆಮೇಲೆ ನೋಡ್ತೀನಿ" ಎಂದ, ಸೋಪಿನ ಕೈಯಲ್ಲೇ ತಿರುಗಿ. ಅವಳು ಆಗಲೇ ಎಡಗೈಯ ಬೆರಳಿನಿಂದ ಒತ್ತಿಯಾಗಿತ್ತು. ಕಿವಿ ಸ್ವಲ್ಪ ಮಂದ, ಯಾರ ಫೋನಾದರೂ ಸ್ಪೀಕರಿಗೆ ಹಾಕುವುದೇ ಅವಳ ಅಭ್ಯಾಸ.

ಹುಡುಗಿಯೊಬ್ಬಳ ನಯವಾದ ದನಿ ಭಾವನ ಹೆಸರನ್ನು ಇನಿಷಿಯಲ್ ಸಮೇತ ಹೇಳಿ, "ಸಾರ್ ಇದ್ದಾರಾ?" ಎಂದು ಕೇಳಿತು.

ಅಕ್ಕ ಫೋನನ್ನು ನೋಡಿದಳು. "ನಾನು ಅವರ ಹೆಂಡತಿ."

"ಮೇಡಂ, ಕಾರ್ ಕಂಪನಿಯಿಂದ ಮಾತಾಡ್ತಿದೀನಿ. ನಿಮ್ಮ ಕಾರಿನ ಬ್ರೇಕ್ ಪರೀಕ್ಷೆ ಮಾಡಿಸಿ ಅಂತ ಈ ನಂಬರಿಗೆ ನಾಲ್ಕು ಸಲ ಮೆಸೇಜ್ ಕಳಿಸಿದ್ವಿ. ಆ ವರ್ಕ್‌ಶಾಪಲ್ಲಿ ಬೇರೆ ಎಲ್ಲರದೂ ಆಗಿದೆ, ನಿಮ್ಮದೊಂದೇ ಬಾಕಿ. ಅಲ್ಲೀತನಕ ದಯವಿಟ್ಟು ಕಾರ್ ಓಡಿಸ್ಬೇಡಿ."

"ಈ ನಂಬರಿಗಾ?"

"ಹೌದು ಮೇಡಂ, ಸಾರ್‌ದು ಎಷ್ಟೋ ವರ್ಷದಿಂದ ಇದೇ ನಂಬರ್. ಈ ನಂಬರಿಂದ ಸಾರ್ ನಮಗೆ ಯಾವಾಗ್ಲೂ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ."

ಅಕ್ಕ ನಿಧಾನವಾಗಿ ತಲೆಯೆತ್ತಿ ತಮ್ಮನನ್ನು ನೋಡಿದಳು. ಅವನ ಮೊಣಕೈಯಿಂದ ಸೋಪಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಸುಳ್ಳು ಹೇಳಲು ಈಗಲೂ ಹಾದಿಯಿತ್ತು, ಏನೋ ತಪ್ಪಾಗಿ ಬಂದ ಕರೆ ಎನ್ನಬಹುದಿತ್ತು. ಅವನು ತಲೆ ತಗ್ಗಿಸಿದ. ಅಷ್ಟು ಸಾಕಾಯಿತು ಅವಳಿಗೆ.

"ಈ ಕರೆಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ ಮೇಡಂ?" ಎಂದಿತು ಫೋನು.

"ಏಳು ಬರ್ಕೊಳ್ಳಮ್ಮ" ಎಂದಳು ಅಕ್ಕ. "ಅವರು ಯಾರಿಗೂ ಅದಕ್ಕಿಂತ ಜಾಸ್ತಿ ಕೊಟ್ಟವರಲ್ಲ."

ಕರೆ ಮುಗಿದ ಮೇಲೆ ಅವಳು ಅಳಲಿಲ್ಲ, ಬೈಯಲಿಲ್ಲ. ಅವಳು ಕೆನ್ನೆಗೆ ಬಾರಿಸಿದ್ದರೆ ಹತ್ತಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅವರು ಬ್ರೇಕೇ ತುಳಿದಿದ್ದು" ಎಂದಳು.

"ಹೌದಕ್ಕ."

"ನಿನಗೆ ಯಾವತ್ತಿಂದ ಗೊತ್ತು?" ಎಂದವಳು ಉತ್ತರಕ್ಕೆ ಕಾಯಲಿಲ್ಲ. ಫೋನನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದಳು. "ನನ್ನ ಮಗಳಿಗೆ ಹಚ್ಚು. ನೀನೇ ಹೇಳು. ಹೇಳಿದ ಮೇಲೆ ಮನೆಗೆ ಹೋಗು. ನಾಳೆಯಿಂದ ಬರಬೇಡ."

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು ನಂಬರು ಹಚ್ಚಿದ.

"ಹೇಳಿ ಮಾವ" ಎಂದಳು ಅಕ್ಕನ ಮಗಳು. "ಅಮ್ಮ ಊಟ ಮಾಡಿದ್ಲಾ?"

"ನಿಮ್ಮಪ್ಪನದು ತಪ್ಪಿಲ್ಲಮ್ಮ" ಎಂದು ಹತ್ತಪ್ಪ ಶುರು ಮಾಡಿದ.